ಕಲಿತದ್ದು ಯಾರಿಗಾಗಿ?

ಬೆಳೆಯಬೇಕೆಂಬ ಹಂಬಲ ಮನುಷ್ಯನಿಗೆ ಹುಟ್ಟಿನಿಂದಲೇ ಬಂದದ್ದು. ನಡೆಯಲು ಕಲಿಯುವ ಕೂಸು ಎಷ್ಟು ಸಲ ಬಿದ್ದರೂ ಮತ್ತೆ ಎದ್ದು ನಿಲ್ಲುವುದು ಈ ಹಂಬಲದಿಂದಲೇ. ವಯಸ್ಸು ಏರಿದಂತೆ ನಮ್ಮ ಬೆಳವಣಿಗೆಗೆ ಬೇರೆ ಬೇರೆ ಅಳತೆಗೋಲುಗಳು ಬರುತ್ತವೆ. ವಿದ್ಯಾರ್ಥಿಗೆ ಅಂಕ, ನೌಕರನಿಗೆ ಬಡ್ತಿ, ವ್ಯಾಪಾರಿಗೆ ಲಾಭ, ರೈತನಿಗೆ ಎಕರೆಗೆ ಇಷ್ಟು ಚೀಲ ಭತ್ತ. ಇವೆಲ್ಲ ಬೇಕಾದವುಗಳೇ. ಇವುಗಳಿಗಾಗಿ ದುಡಿಯುವವರನ್ನು ಯಾರೂ ಹಳಿಯಬೇಕಾಗಿಲ್ಲ. ಆದರೂ ಇವೆಲ್ಲ ಕೈಗೂಡಿದ ಮೇಲೆ, ಮನೆಯವರೆಲ್ಲ ಮಲಗಿದ ನಂತರ, ‘ಇಷ್ಟೆಲ್ಲ ಮಾಡಿದ್ದು ಯಾತಕ್ಕಾಗಿ?’ ಎಂಬ ಪ್ರಶ್ನೆ ಮನಸ್ಸಿನ ಮೂಲೆಯಿಂದ ತಲೆ ಎತ್ತುತ್ತದೆ. ಈ ಪ್ರಶ್ನೆಯಿಂದ ತಪ್ಪಿಸಿಕೊಂಡವರು ವಿರಳ.

ಉತ್ತರ ಹೇಳಲು ಇಂದು ಪುಸ್ತಕಗಳಿಗೆ ಬರವಿಲ್ಲ. ಹತ್ತು ದಿನಗಳಲ್ಲಿ ವ್ಯಕ್ತಿತ್ವ ವಿಕಸನ, ಏಳು ಸೂತ್ರಗಳಲ್ಲಿ ಯಶಸ್ಸು ಎಂದು ಸಾರುವ ಶಿಬಿರಗಳೂ ಬೇಕಾದಷ್ಟಿವೆ. ಅವುಗಳಲ್ಲಿ ಕೆಲವು ಒಳ್ಳೆಯ ಮಾತುಗಳಿರುವುದೂ ನಿಜ. ಆದರೆ ಅವುಗಳಲ್ಲಿ ಹೆಚ್ಚಿನವು ‘ನಾನು ಹೇಗೆ ಬೆಳೆಯಲಿ?’ ಎಂದು ಕೇಳುವಷ್ಟು ಆಸಕ್ತಿಯಿಂದ ‘ನಾನು ಬೆಳೆದದ್ದು ಯಾರಿಗೆ ತಲುಪಿತು?’ ಎಂದು ಕೇಳುವುದಿಲ್ಲ. ಈ ಎರಡನೆಯ ಪ್ರಶ್ನೆಯನ್ನು ಕೇಳಿಕೊಂಡು, ತಮ್ಮ ಬದುಕನ್ನೇ ಉತ್ತರವಾಗಿ ಕೊಟ್ಟವರು ದೂರದ ದೇಶದಲ್ಲಷ್ಟೇ ಇರಲಿಲ್ಲ. ಕೃಷ್ಣೆ ತುಂಗಭದ್ರೆಗಳ ನಡುವಣ ನಮ್ಮ ರಾಯಚೂರು ಸೀಮೆಯಲ್ಲಿಯೇ, ದೇವದುರ್ಗ ಮತ್ತು ಮಾನ್ವಿಯ ಹಳ್ಳಿಗಳಲ್ಲಿಯೇ ಹುಟ್ಟಿ ಬಾಳಿದ್ದಾರೆ. ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಎಂಬ ಈ ಮೂವರು ಹರಿದಾಸರು ನಮ್ಮ ಧರ್ಮಪರಂಪರೆಗೆ ಸೇರಿದವರಲ್ಲ. ಆದರೆ ನಾವು ಕುಡಿಯುವ ಹೊಳೆಯ ನೀರನ್ನೇ ಕುಡಿದವರು, ನಾವು ಆಡುವ ಭಾಷೆಯನ್ನೇ ಆಡಿದವರು. ನೆರೆಮನೆಯ ದೀಪದಿಂದ ಬೆಳಕು ಪಡೆಯುವುದರಲ್ಲಿ ಸಂಕೋಚವೇನಿದೆ?

ಚೀಕಲಪರವಿಯ ಬಡ ಹುಡುಗ

ವಿಜಯನಗರ ಸಾಮ್ರಾಜ್ಯವು 1565ರಲ್ಲಿ ಕುಸಿದ ನಂತರ, ಪುರಂದರದಾಸ ಕನಕದಾಸರ ಕಾಲದಲ್ಲಿ ತುಂಬಿ ಹರಿದ ದಾಸಸಾಹಿತ್ಯದ ಹೊಳೆ ಬಹುಕಾಲ ಬತ್ತಿದಂತೆ ಕಾಣುತ್ತದೆ. ಅದಕ್ಕೆ ಮತ್ತೆ ನೀರು ಬಂದದ್ದು ಮಾನ್ವಿ ಸೀಮೆಯಿಂದ. ತುಂಗಭದ್ರೆಯ ದಂಡೆಯ ಮೇಲಿರುವ ಚೀಕಲಪರವಿಯಲ್ಲಿ 1682ರಲ್ಲಿ ದಾಸಪ್ಪ ಎಂಬ ಬಾಲಕ ಜನಿಸಿದರು. ಮನೆಯಲ್ಲಿ ಕಡುಬಡತನ. ಬಡತನದ ಅವಮಾನವನ್ನು ಸಹಿಸಲಾರದೆ ಅವರು ಊರು ಬಿಟ್ಟು ಹೊರಟರೆಂದೂ, ಕಾಶಿಯವರೆಗೂ ಅಲೆದರೆಂದೂ, ಅಲ್ಲಿ ಕನಸಿನಲ್ಲಿ ಪುರಂದರದಾಸರು ಕಾಣಿಸಿಕೊಂಡು ‘ವಿಜಯವಿಠಲ’ ಎಂಬ ಅಂಕಿತವನ್ನು ಕೊಟ್ಟರೆಂದೂ ಐತಿಹ್ಯ ಹೇಳುತ್ತದೆ. ಮರಳಿ ಬಂದ ದಾಸಪ್ಪನವರು ವಿಜಯದಾಸರಾದರು. ಅವರು ರಚಿಸಿದ ಕೀರ್ತನೆಗಳೂ ಸುಳಾದಿಗಳೂ ಮುಂದಿನ ಪೀಳಿಗೆಯ ದಾಸರಿಗೆ ದಾರಿ ತೋರಿಸಿದವು. 1755ರಲ್ಲಿ ಚಿಪ್ಪಗಿರಿಯಲ್ಲಿ ಅವರು ದೇಹ ಬಿಟ್ಟರು.

ಅವರ ಬಗ್ಗೆ ಜನ ಹೇಳುವ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಬಾಳಿನಲ್ಲಿ ನೊಂದು, ಎಳೆಗೂಸನ್ನು ಎತ್ತಿಕೊಂಡು ಪ್ರಾಣ ಕಳೆದುಕೊಳ್ಳಲು ಹೊರಟಿದ್ದ ಒಬ್ಬ ತಾಯಿಯನ್ನು ದಾಸರು ತಡೆದರಂತೆ. ತಡೆದು ಎರಡು ಉಪದೇಶದ ಮಾತು ಹೇಳಿ ಕಳುಹಿಸಿಬಿಡಲಿಲ್ಲ. ತಾಯಿಗೂ ಮಗುವಿಗೂ ತಮ್ಮ ಮನೆಯಲ್ಲೇ ಆಶ್ರಯ ಕೊಟ್ಟರು. ಸಾಕುಮಗನಂತೆ ಬೆಳೆದ ಆ ಮಗುವೇ ಮುಂದೆ ಮೋಹನದಾಸರೆಂದು ಹೆಸರಾದರು. ತಾನೇ ಬಡತನದಲ್ಲಿ ಬೆಂದವನು ಇನ್ನೊಬ್ಬರ ಕಷ್ಟವನ್ನು ಎರಡು ಬಗೆಯಲ್ಲಿ ನೋಡಬಹುದು. ‘ನಾನು ಪಟ್ಟ ಕಷ್ಟ ಇವರೂ ಪಡಲಿ’ ಎನ್ನಬಹುದು. ‘ನಾನು ಪಟ್ಟದ್ದು ಇವರಿಗೆ ಬೇಡ’ ಎನ್ನಲೂಬಹುದು. ನೋವು ಮನುಷ್ಯನನ್ನು ತಾನಾಗಿಯೇ ಬೆಳೆಸುವುದಿಲ್ಲ. ಆ ನೋವಿನಿಂದ ಅವನು ಯಾವ ಕಡೆಗೆ ತಿರುಗಿದನೆಂಬುದು ಅವನನ್ನು ಬೆಳೆಸುತ್ತದೆ.

ಮೊಸರಕಲ್ಲಿನ ಭಾಗಣ್ಣ

ದೇವದುರ್ಗ ತಾಲ್ಲೂಕಿನ ಮೊಸರಕಲ್ಲು ಗ್ರಾಮದಲ್ಲಿ ಭಾಗಣ್ಣ ಎಂಬವರು ಹುಟ್ಟಿದರು. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಕುಟುಂಬವು ಬಂಧುಗಳಿಂದಲೇ ಆಸ್ತಿಗೆ ಎರವಾಗಿ ಊರು ಬಿಡಬೇಕಾಯಿತೆಂದು ಅವರ ಚರಿತ್ರೆ ತಿಳಿಸುತ್ತದೆ. ನಮ್ಮ ಭಾಗದಲ್ಲಿ ದಾಯಾದಿಗಳ ಹೊಲದ ಜಗಳಕ್ಕೆ ತಲೆಮಾರುಗಳನ್ನೇ ಬಲಿಕೊಟ್ಟ ಮನೆಗಳು ಎಷ್ಟಿವೆಯೆಂಬುದು ಓದುಗರಿಗೆ ಗೊತ್ತಿದ್ದದ್ದೇ. ಭಾಗಣ್ಣನವರು ಹಗೆಯನ್ನು ಕಟ್ಟಿಕೊಂಡು ಹೋಗಲಿಲ್ಲ. ಉತ್ತನೂರಿನಲ್ಲಿ ನೆಲೆಸಿ ಸಾಧನೆ ಮಾಡಿದರು, ಜ್ಯೋತಿಷ್ಯದಲ್ಲಿ ಹೆಸರು ಪಡೆದರು. ಮುಂದೆ ವಿಜಯದಾಸರ ಶಿಷ್ಯರಾಗಿ ಗೋಪಾಲದಾಸರೆನಿಸಿದರು. ಅವರ ತಮ್ಮಂದಿರೂ ಅದೇ ದಾರಿ ಹಿಡಿದರು.

ಗೋಪಾಲದಾಸರ ಹೆಸರು ಇಂದಿಗೂ ಜನರ ನಾಲಗೆಯ ಮೇಲಿರುವುದು ಅವರ ಒಂದು ದಾನಕ್ಕಾಗಿ. ಅದನ್ನು ತಿಳಿಯಬೇಕಾದರೆ ಮೂರನೆಯವರ ಕಥೆಗೆ ಬರಬೇಕು.

ಮಾನ್ವಿಯ ಪಂಡಿತರು

ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ಅಸಾಧಾರಣ ಪಾಂಡಿತ್ಯವನ್ನು ಗಳಿಸಿದರು. ಮಂತ್ರಾಲಯದ ಮಠದ ವರದೇಂದ್ರತೀರ್ಥರಲ್ಲಿ ಶಾಸ್ತ್ರಗಳನ್ನು ಓದಿದರು. ಮಾನ್ವಿಯಲ್ಲಿ ನೆಲೆಸಿ ಶಿಷ್ಯರಿಗೆ ಪಾಠ ಹೇಳುತ್ತಿದ್ದರು. ಹೆಸರು ಬಂತು, ಗೌರವ ಬಂತು. ಅವುಗಳ ಹಿಂದೆಯೇ ನೆರಳಿನಂತೆ ಒಂದು ಬಗೆಯ ಹೆಮ್ಮೆಯೂ ಬಂತು. ದೇವರ ವಿಷಯವನ್ನು ಸಂಸ್ಕೃತದಲ್ಲಿ ವಿಚಾರ ಮಾಡಬೇಕೇ ಹೊರತು, ತಂಬೂರಿ ಹಿಡಿದು ಕನ್ನಡದಲ್ಲಿ ಹಾಡಿಕೊಂಡು ತಿರುಗುವುದು ಪಂಡಿತರಿಗೆ ತಕ್ಕದ್ದಲ್ಲವೆಂದು ಅವರು ಭಾವಿಸಿದ್ದರಂತೆ.

ಒಮ್ಮೆ ವಯೋವೃದ್ಧರಾದ ವಿಜಯದಾಸರು ಮಾನ್ವಿಗೆ ಬಂದರು. ಊಟಕ್ಕೆ ಶ್ರೀನಿವಾಸಾಚಾರ್ಯರನ್ನೂ ಆಮಂತ್ರಿಸಿದರು. ಕನ್ನಡದ ದಾಸರ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಮನಸ್ಸಿಲ್ಲದ ಪಂಡಿತರು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರು. ಐತಿಹ್ಯದ ಪ್ರಕಾರ ಆ ನೆಪವೇ ಮುಂದೆ ನಿಜವಾಯಿತು. ತಾಳಲಾರದ ಉದರಶೂಲೆ ಅವರನ್ನು ಹಿಡಿದು ಹಾಸಿಗೆಗೆ ಕೆಡವಿತು. ಯಾವ ಚಿಕಿತ್ಸೆಯೂ ನಾಟಲಿಲ್ಲ. ಕೊನೆಗೆ ಅವರು ತಾವು ಕಡೆಗಣಿಸಿದ್ದ ವಿಜಯದಾಸರ ಬಳಿಗೇ ಹೋದರು. ವಿಜಯದಾಸರು ಹಳೆಯದನ್ನೆತ್ತಿ ಚುಚ್ಚಲಿಲ್ಲ. ಶಿಷ್ಯರಾದ ಗೋಪಾಲದಾಸರ ಬಳಿಗೆ ಹೋಗುವಂತೆ ಹೇಳಿದರು.

ಗೋಪಾಲದಾಸರು ಆ ರೋಗಿಗೆ ಜೋಳದ ರೊಟ್ಟಿಯನ್ನು ಪ್ರಸಾದವಾಗಿ ಕೊಟ್ಟು ಉಣಿಸಿದರೆಂದೂ, ಗುರುವಿನ ಮಾತಿನಂತೆ ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದೂ ಪರಂಪರೆ ಹೇಳುತ್ತದೆ. ಗುಣವಾದ ಶ್ರೀನಿವಾಸಾಚಾರ್ಯರು ಪಂಢರಪುರಕ್ಕೆ ಹೋದಾಗ ಚಂದ್ರಭಾಗಾ ನದಿಯಲ್ಲಿ ‘ಜಗನ್ನಾಥವಿಠಲ’ ಎಂಬ ಅಂಕಿತ ದೊರೆಯಿತೆಂಬ ನಂಬಿಕೆಯಿದೆ. ಅಂದಿನಿಂದ ಅವರು ಜಗನ್ನಾಥದಾಸರು. ಯಾವ ಕನ್ನಡವನ್ನು ಕೀಳೆಂದು ಬಗೆದಿದ್ದರೋ ಅದೇ ಕನ್ನಡದಲ್ಲಿ, ಭಾಮಿನಿ ಷಟ್ಪದಿಯಲ್ಲಿ, 32 ಸಂಧಿಗಳ ‘ಹರಿಕಥಾಮೃತಸಾರ’ವನ್ನು ಬರೆದರು. ತಮ್ಮ ಶಾಸ್ತ್ರದ ತಿರುಳನ್ನೆಲ್ಲ ಅದರಲ್ಲಿ ಇಳಿಸಿದರು. ಸಂಸ್ಕೃತ ಬಲ್ಲ ವಿದ್ವಾಂಸರೇ ಮುಂದೆ ಆ ಕನ್ನಡ ಗ್ರಂಥಕ್ಕೆ ವ್ಯಾಖ್ಯಾನಗಳನ್ನು ಬರೆಯುವಂತಾಯಿತು.

ಅವರ ಇನ್ನೊಂದು ರಚನೆಯಾದ ‘ತತ್ತ್ವಸುವ್ವಾಲಿ’ಯ ಹಿಂದಿನ ಮಾತು ಇನ್ನೂ ಮನಮುಟ್ಟುವಂತಿದೆ. ಎಳೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳ ಸಾಂತ್ವನಕ್ಕಾಗಿ ಅದನ್ನು ರಚಿಸಿದರೆಂಬ ಹೇಳಿಕೆಯಿದೆ. ಸುವ್ವಿ ಎಂಬುದು ನಮ್ಮ ಹೆಣ್ಣುಮಕ್ಕಳು ಕುಟ್ಟುವಾಗ ಬೀಸುವಾಗ ಹಾಡಿಕೊಳ್ಳುವ ಹಾಡಿನ ಧಾಟಿ. ಊಟದ ಪಂಕ್ತಿಯಲ್ಲಿ ದಾಸರೊಡನೆ ಕುಳಿತುಕೊಳ್ಳಲೊಲ್ಲದೆ ಹೋದ ಪಂಡಿತರು ಈಗ ಒರಳಿನ ಪಕ್ಕದಲ್ಲಿ, ಬೀಸುವ ಕಲ್ಲಿನ ಪಕ್ಕದಲ್ಲಿ ತಮ್ಮ ವಿದ್ಯೆಯನ್ನು ತಂದಿಟ್ಟರು. ಅಷ್ಟು ದೂರ ನಡೆಯಲು ಅವರಿಗೆ ಬೇಕಾದದ್ದು ಹೊಸ ಪಾಂಡಿತ್ಯವೇನೂ ಅಲ್ಲ. ಇದ್ದ ಪಾಂಡಿತ್ಯವೇ ಸಾಕಾಗಿತ್ತು. ಅದರ ಮುಖ ಮಾತ್ರ ತಿರುಗಬೇಕಾಗಿತ್ತು.

ವಿಜಯದಾಸರು ತೀರಿಕೊಂಡದ್ದು 1755ರಲ್ಲಿ, ಜಗನ್ನಾಥದಾಸರು 1809ರಲ್ಲಿ. ಗುರುವನ್ನು ಕಂಡು ಮನಸ್ಸು ತಿರುಗಿದ ಮೇಲೆ ಅರ್ಧ ಶತಮಾನಕ್ಕೂ ಮಿಕ್ಕಿದ ಆಯುಸ್ಸು ಅವರಿಗೆ ಉಳಿದಿತ್ತು. ಇಪ್ಪತ್ತರ ಹರೆಯದ ಪಂಡಿತರನ್ನು ಇಂದು ನೆನೆಯುವವರಿಲ್ಲ. ಆ ಎರಡನೆಯ ಬದುಕಿನ ದಾಸರನ್ನು ಮಾನ್ವಿ ಇನ್ನೂ ನೆನೆಯುತ್ತದೆ.

ಎರಡು ಎಚ್ಚರಿಕೆಯ ಮಾತು

ಈ ಕಥೆಯನ್ನು ಓದುವಾಗ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ಕಾಯಿಲೆಯನ್ನು ಪಾಪದ ಶಿಕ್ಷೆಯೆಂದು ತಿಳಿಯಬಾರದು. ಹುಟ್ಟುಕುರುಡನನ್ನು ತೋರಿಸಿ ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದಾಗ, ಯೇಸುಸ್ವಾಮಿ ಆ ಲೆಕ್ಕಾಚಾರವನ್ನೇ ಒಪ್ಪಲಿಲ್ಲವೆಂಬುದನ್ನು ನಾವು ಬಲ್ಲೆವು. ಹೊಟ್ಟೆನೋವು ಬಂದವರು ವೈದ್ಯರ ಬಳಿಗೆ ಹೋಗಬೇಕು. ಹಾಸಿಗೆ ಹಿಡಿದವರನ್ನು ನೋಡಹೋದವರು ಅವರ ಹಳೆಯ ತಪ್ಪುಗಳನ್ನು ಎಣಿಸಬಾರದು. ಕಥೆಯ ಸಾರ ರೋಗದಲ್ಲಿಲ್ಲ. ತಾನು ತಿರಸ್ಕರಿಸಿದ ಮನೆಯ ಬಾಗಿಲಿಗೆ ಹೋಗಿ ನಿಲ್ಲುವ ಧೈರ್ಯದಲ್ಲಿದೆ. ಬಂದವನನ್ನು ಅಣಕಿಸದೆ ಒಳಗೆ ಕರೆದವರ ದೊಡ್ಡತನದಲ್ಲಿದೆ.

ಎರಡನೆಯದು, ಆಯುಸ್ಸಿನ ದಾನ. ಈ ಕಾಲದ ಓದುಗರು ಅದನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ನಮ್ಮ ಆಯುಸ್ಸನ್ನು ಇನ್ನೊಬ್ಬರಿಗೆ ಕೊಡುವುದು ದಿನನಿತ್ಯ ನಮ್ಮ ಕಣ್ಣೆದುರಿಗೇ ನಡೆಯುತ್ತಿರುವ ಸಂಗತಿ. ಬೆಳಗಿನ ನಾಲ್ಕು ಗಂಟೆಗೆ ಎದ್ದು ರೊಟ್ಟಿ ಬಡಿದು ಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಿ ಕೊಡುತ್ತಿರುವುದು ತನ್ನ ಆಯುಸ್ಸನ್ನೇ. ಮೂವತ್ತು ವರ್ಷ ಒಂದೇ ಹಳ್ಳಿಯಲ್ಲಿ ಅಕ್ಷರ ತಿದ್ದಿಸಿದ ಗುರುವೂ ಅದನ್ನೇ ಕೊಟ್ಟಿದ್ದಾರೆ. ಹಣವನ್ನು ಕೊಟ್ಟವರು ಮತ್ತೆ ಗಳಿಸಬಹುದು, ಕೊಟ್ಟ ಸಮಯ ಮರಳಿ ಬಾರದು. ಇನ್ನೊಬ್ಬರಿಗಾಗಿ ನಾವು ಕೊಡುವ ಒಂದು ಗಂಟೆಯೂ ಗೋಪಾಲದಾಸರ ಆ ದಾನದ ಒಂದು ಚಿಕ್ಕ ಪಾಲು.

ಮುರಿದ ಕಾಲು ತೋರಿದ ದಾರಿ

ಇದೇ ಮಾನ್ವಿಯಲ್ಲಿ ಇಂದು ಯೇಸುಸಭೆಯ ಗುರುಗಳು ನಡೆಸುವ ಲೊಯೋಲ ಶಾಲೆಯಿದೆ. ಲೊಯೋಲ ಎಂಬುದು ಸ್ಪೇನ್ ದೇಶದ ಒಂದು ಕೋಟೆಮನೆಯ ಹೆಸರು. ಅಲ್ಲಿ 1491ರಲ್ಲಿ ಹುಟ್ಟಿದ ಇಗ್ನೇಷಿಯಸ್, ನಮ್ಮ ಹಿರಿಯರ ಬಾಯಲ್ಲಿ ಇನ್ನಾಸಪ್ಪನವರು, ಆ ಸಭೆಯನ್ನು ಸ್ಥಾಪಿಸಿದ ಸಂತರು. ಮಾನ್ವಿಯ ದಾಸರಿಗೂ ಈ ಸಂತರಿಗೂ ಕಾಲದಲ್ಲಿ, ದೇಶದಲ್ಲಿ, ನಂಬಿಕೆಯಲ್ಲಿ ಬಹಳ ಅಂತರವಿದೆ. ಆದರೂ ಇಬ್ಬರ ಬದುಕಿನ ತಿರುವು ಒಂದನ್ನೊಂದು ಹೋಲುತ್ತದೆ.

ಇಗ್ನೇಷಿಯಸ್ ಅವರ ಹೆಮ್ಮೆ ವಿದ್ಯೆಯದಾಗಿರಲಿಲ್ಲ, ಕತ್ತಿಯದಾಗಿತ್ತು. 1521ರಲ್ಲಿ ಪಾಂಪ್ಲೋನದ ಕಾಳಗದಲ್ಲಿ ಫಿರಂಗಿಯ ಗುಂಡು ಅವರ ಕಾಲನ್ನು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಹೊತ್ತು ಕಳೆಯಲು ವೀರರ ಸಾಹಸಕಥೆಗಳನ್ನು ಕೇಳಿದರು. ಮನೆಯಲ್ಲಿ ಅವು ಇರಲಿಲ್ಲ. ಇದ್ದದ್ದು ಕ್ರಿಸ್ತರ ಜೀವನಚರಿತ್ರೆ ಮತ್ತು ಸಂತರ ಚರಿತ್ರೆ. ಬೇರೆ ದಾರಿಯಿಲ್ಲದೆ ಅವನ್ನೇ ಓದಿದರು. ಓದುತ್ತ ಓದುತ್ತ ತಮ್ಮ ಮನಸ್ಸಿನಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸಿದರು. ಕೀರ್ತಿಯನ್ನೂ ಸಾಹಸವನ್ನೂ ಕುರಿತ ಕನಸುಗಳು ಆ ಹೊತ್ತಿಗೆ ಸಂತೋಷ ಕೊಡುತ್ತಿದ್ದವು, ಆದರೆ ಆಮೇಲೆ ಮನಸ್ಸು ಬರಿದಾಗುತ್ತಿತ್ತು. ಸಂತರಂತೆ ಬಾಳುವ ಯೋಚನೆ ಕೊಡುತ್ತಿದ್ದ ಸಂತೋಷ ಪುಸ್ತಕ ಮುಚ್ಚಿದ ನಂತರವೂ ಉಳಿಯುತ್ತಿತ್ತು. ಉಳಿಯುವ ಸಂತೋಷ ಯಾವುದು, ಉಳಿಯದ ಸಂತೋಷ ಯಾವುದು ಎಂಬ ಈ ಒಂದು ಗುರುತಿನಿಂದ ಅವರ ಹೊಸ ಬಾಳು ತೊಡಗಿತು.

ಮುಂದಿನ ಸಂಗತಿ ಇನ್ನೂ ಗಮನಾರ್ಹವಾದದ್ದು. ಜನರಿಗೆ ನೆರವಾಗಬೇಕಾದರೆ ಓದು ಬೇಕೆಂದು ಅರಿತ ಆ ಮಾಜಿ ಯೋಧರು, 33ರ ವಯಸ್ಸಿನಲ್ಲಿ, ಬಾರ್ಸಿಲೋನ ನಗರದಲ್ಲಿ ಎಳೆಯ ಹುಡುಗರ ಜೊತೆ ಕುಳಿತು ಲ್ಯಾಟಿನ್ ಭಾಷೆಯ ಮೊದಲ ಪಾಠಗಳನ್ನು ಕಲಿತರು. ಅಲ್ಲಿಂದ ಪ್ಯಾರಿಸ್ ವಿಶ್ವವಿದ್ಯಾಲಯದವರೆಗೆ ಹೋದರು. ಅಲ್ಲಿ ಜೊತೆಯಾದ ಗೆಳೆಯರಲ್ಲಿ ಮುಂದೆ 1542ರಲ್ಲಿ ಗೋವೆಗೆ ಬಂದ ಸಂತ ಫ್ರಾನ್ಸಿಸ್ ಝೇವಿಯರ್ ಕೂಡ ಒಬ್ಬರು. 1540ರಲ್ಲಿ ಯೇಸುಸಭೆಗೆ ಅನುಮತಿ ದೊರೆಯಿತು. 1556ರಲ್ಲಿ ಇಗ್ನೇಷಿಯಸ್ ರೋಮಿನಲ್ಲಿ ನಿಧನರಾದರು.

ಒಬ್ಬರು ಪಾಂಡಿತ್ಯದ ಎತ್ತರದಿಂದ ಬೀಸುವ ಕಲ್ಲಿನ ಹಾಡಿನ ಬಳಿಗೆ ಇಳಿದು ಬಂದರು. ಇನ್ನೊಬ್ಬರು ಕುದುರೆಯಿಂದಿಳಿದು ಮಕ್ಕಳ ಬೆಂಚಿನ ಮೇಲೆ ಕುಳಿತರು. ತಮಗೆ ಯಾವುದರ ಬಗ್ಗೆ ಹೆಚ್ಚು ಹೆಮ್ಮೆಯಿತ್ತೋ ಅದನ್ನು ಸಡಿಲಿಸಿದ ಮೇಲೆಯೇ ಇಬ್ಬರ ಬಾಳಿಗೂ ಗುರಿ ಸಿಕ್ಕಿತು. ಭಾರವಾದ ಜೋಳದ ತೆನೆ ಬಾಗುತ್ತದೆ, ಜೊಳ್ಳು ತೆನೆ ಸೆಟೆದು ನಿಲ್ಲುತ್ತದೆ ಎಂಬುದನ್ನು ನಮ್ಮ ಸೀಮೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾಲುವೆಯ ಕೊನೆಯ ಹೊಲ

ತುಂಗಭದ್ರಾ ಎಡದಂಡೆ ಕಾಲುವೆ ಅಣೆಕಟ್ಟಿನಿಂದ ಹೊರಟು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಹರಿಯುತ್ತದೆ. ಮಾನ್ವಿ ಮತ್ತು ರಾಯಚೂರು ಭಾಗದ ಹೊಲಗಳು ಅದರ ಕೊನೆಯ ಭಾಗದಲ್ಲಿವೆ. ಕಾಲುವೆಗೆ ನೀರು ಬಿಟ್ಟ ಮಾತ್ರಕ್ಕೆ ಕೊನೆಭಾಗದ ರೈತನ ಹೊಲ ನೆನೆಯುವುದಿಲ್ಲ. ಮೇಲಿನವರು ತಮ್ಮ ಪಾಲಿಗಿಂತ ಹೆಚ್ಚು ಎಳೆದುಕೊಂಡರೆ ಕೆಳಗಿನವನ ಪೈರು ಒಣಗುತ್ತದೆ. ಈ ವಿಷಯಕ್ಕೆ ನಡೆದ ಧರಣಿಗಳನ್ನೂ, ಕಾಲುವೆಯ ಮೇಲೆ ರಾತ್ರಿಯಿಡೀ ಕಾದ ರೈತರನ್ನೂ ನಾವೆಲ್ಲ ನೋಡಿದ್ದೇವೆ.

ವಿದ್ಯೆಯ ಕಾಲುವೆಯೂ ಹೀಗೆಯೇ. ನಮ್ಮ ಜಿಲ್ಲೆಯಲ್ಲಿ ಈಗ ವಿದ್ಯೆಗೆ ಅವಕಾಶಗಳು ಹೆಚ್ಚಿವೆ. ರಾಯಚೂರಿನಲ್ಲಿ 2009ರಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಬಂತು. 2019ರಲ್ಲಿ ಐಐಐಟಿ ಆರಂಭವಾಯಿತು. ವೈದ್ಯಕೀಯ ಕಾಲೇಜಿದೆ. ಸಂವಿಧಾನಕ್ಕೆ 371(ಜೆ) ವಿಧಿಯನ್ನು ಸೇರಿಸುವ ತಿದ್ದುಪಡಿಗೆ 2012ರಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟ ಮೇಲೆ ಈ ಭಾಗದ ಮಕ್ಕಳಿಗೆ ಶಿಕ್ಷಣದಲ್ಲಿ, ಉದ್ಯೋಗದಲ್ಲಿ ಮೀಸಲು ದೊರೆಯಿತು. ದೇವದುರ್ಗದ, ಮಾನ್ವಿಯ ಹಳ್ಳಿಗಳಿಂದ ಹೊರಟು ವೈದ್ಯರಾದವರು, ಎಂಜಿನಿಯರಾದವರು, ಶಿಕ್ಷಕರಾದವರು ನಮ್ಮ ನಡುವೆ ಇದ್ದಾರೆ. ಆ ಸೌಲಭ್ಯವನ್ನು ಅವರಿಗೆ ಗಳಿಸಿಕೊಟ್ಟದ್ದು ಹಿಂದುಳಿದ ಒಂದು ಸೀಮೆಯ ಜನರೆಲ್ಲರ ಬಹುಕಾಲದ ಕೂಗು. ಆ ಜನರಲ್ಲಿ ತಮ್ಮ ಮಕ್ಕಳನ್ನು ಹತ್ತನೆಯ ತರಗತಿಯವರೆಗೂ ಓದಿಸಲಾಗದವರು ಅನೇಕರಿದ್ದರು. ಹಾಗಾದರೆ ದೊರೆತ ವಿದ್ಯೆ ಕಲಿತವನೊಬ್ಬನದೇ ಸೊತ್ತಾಗುವುದು ಹೇಗೆ?

ಎಲ್ಲರೂ ಊರಿಗೇ ಮರಳಬೇಕೆಂದು ಇದರ ಅರ್ಥವಲ್ಲ. ಬೆಂಗಳೂರಿನಲ್ಲೋ ದುಬೈಯಲ್ಲೋ ದುಡಿಯುವವರಿಗೂ ಊರಿನ ಋಣ ತೀರಿಸುವ ದಾರಿಗಳಿವೆ. ಇಲ್ಲಿಯೇ ಇದ್ದುಕೊಂಡು ನೆರೆಯವನ ಮುಖ ನೋಡದೆ ಬದುಕುವವರೂ ಇದ್ದಾರೆ. ವಿಷಯ ಊರಿನದಲ್ಲ, ಮುಖ ತಿರುಗಿದ ದಿಕ್ಕಿನದು. ಶ್ರೀನಿವಾಸಾಚಾರ್ಯರು ಮನಸ್ಸು ತಿರುಗುವ ಮೊದಲೂ ಮಾನ್ವಿಯಲ್ಲೇ ಇದ್ದರು, ತಿರುಗಿದ ಮೇಲೆಯೂ ಮಾನ್ವಿಯವರಾಗಿಯೇ ಉಳಿದರು.

ಇಲ್ಲಿ ಇನ್ನೊಂದು ಮಾತನ್ನೂ ಹೇಳದೆ ವಿಧಿಯಿಲ್ಲ. ದಾಸರ ಕಾಲದ ಸಮಾಜಕ್ಕೆ ತನ್ನದೇ ಗೋಡೆಗಳಿದ್ದವು. ಅವರ ಕನ್ನಡ ಹಾಡುಗಳು ಎಷ್ಟೋ ಮನೆಗಳ ಒಳಗಿನವರೆಗೆ ಹೋದವು. ಆದರೆ ಊರ ಹೊರಗಿನ ಕೇರಿಯ ಮಗುವಿನ ಕೈಗೆ ಅಂದು ಓಲೆಗರಿ ಬರಲಿಲ್ಲ, ಬಳಪವೂ ಬರಲಿಲ್ಲ. ಹಿರಿಯರು ನಡೆದಷ್ಟು ದಾರಿಗಾಗಿ ಅವರಿಗೆ ಕೈಮುಗಿದು, ಉಳಿದ ದಾರಿಯನ್ನು ನಾವು ನಡೆಯಬೇಕಾಗಿದೆ. ಕಾಲುವೆಯ ಕೊನೆಯ ಹೊಲ ಇನ್ನೂ ಒಣಗಿಯೇ ಇದೆ.

ಬಡವರಿಗೂ ಗುರಿಯ ಮಾತೇ?

‘ಹೊಟ್ಟೆಗೆ ಹಿಟ್ಟಿಲ್ಲದವನ ಮುಂದೆ ಜೀವನದ ಗುರಿಯ ಮಾತು ಆಡುವುದು ಸರಿಯೇ?’ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಮಳೆ ಕೈಕೊಟ್ಟ ವರ್ಷ ದೇವದುರ್ಗದ, ಮಾನ್ವಿಯ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಗಂಡ ಹೆಂಡತಿ ಮಕ್ಕಳೊಡನೆ ಗುಳೆ ಹೊರಟು ಬೆಂಗಳೂರಿನ ಕಟ್ಟಡಗಳ ಬುಡದಲ್ಲಿ ತಗಡಿನ ಗುಡಿಸಲು ಹಾಕುತ್ತಾರೆ. ಅವರ ಬಡತನಕ್ಕೆ ಅವರಲ್ಲಿ ಗುರಿಯಿಲ್ಲದಿರುವುದು ಕಾರಣವೆಂದು ಹೇಳುವವರು ಅವರ ಬಾಳನ್ನು ಅರಿತವರಲ್ಲ. ಸಾಲ ತೀರಿಸಬೇಕು, ಮಗಳನ್ನು ಹಾಸ್ಟೆಲಿನಲ್ಲಿಟ್ಟು ಓದಿಸಬೇಕು ಎಂಬ ಗುರಿಯಿಂದಲೇ ಅವರು ಆ ಬಿಸಿಲಿನಲ್ಲಿ ಇಟ್ಟಿಗೆ ಹೊರುತ್ತಾರೆ. ಗುರಿಯ ವಿಷಯದಲ್ಲಿ ನಾವೇ ಅವರಿಂದ ಕಲಿಯಬೇಕಾದದ್ದು ಹೆಚ್ಚು.

ಆದ್ದರಿಂದ ‘ಕಲಿತದ್ದು ಯಾರಿಗಾಗಿ?’ ಎಂಬ ಪ್ರಶ್ನೆ ಮೊದಲು ಬರುವುದು ಅಕ್ಷರವೋ ಅನ್ನವೋ ಸ್ವಲ್ಪ ಹೆಚ್ಚಾಗಿ ದೊರೆತವರ ಪಾಲಿಗೆ. ಒಂದು ಉದಾಹರಣೆಯನ್ನು ನೋಡೋಣ. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನ ಕಾರ್ಮಿಕರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು. ಮಂಡಳಿಯ ನೆರವುಗಳಿಗೆ ಆ ನೋಂದಣಿಯೇ ಬಾಗಿಲು. ಅರ್ಜಿ ತುಂಬಲು ಬಾರದೆ, ದಾಖಲೆಗಳನ್ನು ಹೊಂದಿಸಲು ತಿಳಿಯದೆ ಹಿಂದೆ ಸರಿಯುವವರು ಬಹಳ. ಪದವಿ ಓದಿದ ಒಬ್ಬ ಹುಡುಗನೋ ಹುಡುಗಿಯೋ ತನ್ನ ಕೇರಿಯ ಐದು ಜನರ ಪಕ್ಕದಲ್ಲಿ ಒಂದು ಭಾನುವಾರದ ಮಧ್ಯಾಹ್ನ ಕುಳಿತರೆ ಆ ಬಾಗಿಲು ತೆರೆಯುತ್ತದೆ. ಅರ್ಜಿಯ ಕ್ಲಿಷ್ಟವಾದ ಮಾತುಗಳನ್ನು ಜನರ ಮಾತಿಗೆ ತಂದು ವಿವರಿಸುವುದು ಸಣ್ಣ ಕೆಲಸವೇನಲ್ಲ. ಪಂಡಿತರ ಮಾತನ್ನು ಜನರ ಮಾತಿಗೆ ತರುವ ಕೆಲಸವನ್ನೇ ಅಲ್ಲವೇ ಜಗನ್ನಾಥದಾಸರೂ ಮಾಡಿದ್ದು?

ಇಂಥ ಕೆಲಸಗಳಿಗೆ ಕೊನೆಯಿಲ್ಲ. ನಿವೃತ್ತರಾದ ಶಿಕ್ಷಕರು ಗಣಿತದಲ್ಲಿ ಹಿಂದುಳಿದ ನೆರೆಮನೆಯ ಮಗುವಿಗೆ ಸಂಜೆ ಅರ್ಧ ಗಂಟೆ ಲೆಕ್ಕ ಹೇಳಿಕೊಡಬಹುದು. ಬ್ಯಾಂಕಿನಲ್ಲಿ ದುಡಿದವರು ಹೆಣ್ಣುಮಕ್ಕಳ ಸ್ವಸಹಾಯ ಸಂಘದ ಲೆಕ್ಕಪತ್ರ ನೋಡಿಕೊಡಬಹುದು. ರಜೆಗೆ ಊರಿಗೆ ಬಂದ ಕಾಲೇಜು ವಿದ್ಯಾರ್ಥಿ, ಎಸ್ಸೆಸ್ಸೆಲ್ಸಿಯಲ್ಲಿ ಅನುತ್ತೀರ್ಣಳಾಗಿ ಮನೆಯಲ್ಲೇ ಕುಳಿತ ಹುಡುಗಿಗೆ ಮರುಪರೀಕ್ಷೆಯ ದಾರಿ ತೋರಿಸಬಹುದು. ದಾದಿಯರಾಗಿ ದುಡಿದವರು ಬಸುರಿ ಬಾಣಂತಿಯರಿಗೆ ಆರೈಕೆಯ ನಾಲ್ಕು ಮಾತು ಹೇಳಬಹುದು. ಹೊಸದಾಗಿ ಏನನ್ನಾದರೂ ಕಲಿತು ಬಂದು ಆಮೇಲೆ ಸೇವೆ ಮಾಡುತ್ತೇನೆಂದು ಕಾಯಬೇಕಾಗಿಲ್ಲ. ಈಗಾಗಲೇ ಕೈಯಲ್ಲಿರುವುದೇ ಮೊದಲ ಕಂತಿಗೆ ಸಾಕು. ತಲೆಂತುಗಳ ಸಾಮತಿಯಲ್ಲಿ ಯಜಮಾನನ ಕೋಪಕ್ಕೆ ಗುರಿಯಾದವನು ಕಡಿಮೆ ಪಡೆದುದಕ್ಕಾಗಿ ಗುರಿಯಾಗಲಿಲ್ಲ. ಪಡೆದದ್ದನ್ನು ಮಣ್ಣಿನಲ್ಲಿ ಹೂತಿಟ್ಟದ್ದಕ್ಕಾಗಿ ಗುರಿಯಾದ.

ದಿನಕ್ಕೆ ಕಾಲು ಗಂಟೆ

ಒಳ್ಳೆಯ ನಿರ್ಧಾರಗಳು ಯುಗಾದಿಯಂದೋ ಹೊಸ ವರ್ಷದಂದೋ ಹುಟ್ಟಿ ತಿಂಗಳೊಳಗೆ ಸೊರಗುವುದು ನಮ್ಮೆಲ್ಲರ ಅನುಭವ. ಅವನ್ನು ಉಳಿಸಿಕೊಳ್ಳಲು ಸಂತ ಇಗ್ನೇಷಿಯಸ್ ಒಂದು ಸರಳವಾದ ಅಭ್ಯಾಸವನ್ನು ಕಲಿಸಿಕೊಟ್ಟರು. ದಿನದ ಕೊನೆಯಲ್ಲಿ ಸ್ವಲ್ಪ ಹೊತ್ತು ಮೌನವಾಗಿ ಕುಳಿತು ಆ ದಿನವನ್ನು ಮೊದಲಿನಿಂದ ನೆನೆದು ನೋಡುವುದು. ನಮ್ಮ ಧರ್ಮಕೇಂದ್ರಗಳಲ್ಲಿ ಇದನ್ನು ಆತ್ಮಶೋಧನೆ ಎಂದು ಕರೆಯುತ್ತೇವೆ. ಯಾವ ಮತದವರಾದರೂ, ದೇವರಲ್ಲಿ ನಂಬಿಕೆ ಅಷ್ಟಾಗಿ ಇಲ್ಲದವರೂ ಇದನ್ನು ಮಾಡಬಹುದು. ಖರ್ಚಿಲ್ಲ, ಶಿಬಿರ ಬೇಕಿಲ್ಲ, ಕಾಲು ಗಂಟೆ ಸಾಕು.

ಆ ಹೊತ್ತಿನಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕು. ಇಂದು ನಾನು ಯಾರಿಂದ ಏನನ್ನು ಪಡೆದೆ? ನನ್ನಲ್ಲಿದ್ದದ್ದು ಇಂದು ಯಾರಿಗೆ ತಲುಪಿತು? ಯಾರ ಪಂಕ್ತಿಯಲ್ಲಿ ಕುಳಿತುಕೊಳ್ಳಲು ನಾನು ನೆಪ ಹೇಳಿದೆ? ನಾಳೆ ಯಾರ ಬಾಗಿಲಿಗೆ ಹೋಗಬೇಕು? ಮೊದಲ ಪ್ರಶ್ನೆ ಕೃತಜ್ಞತೆಯನ್ನು ಕಲಿಸುತ್ತದೆ, ಎರಡನೆಯದು ಲೆಕ್ಕವನ್ನು ಕಲಿಸುತ್ತದೆ. ಮೂರನೆಯದು ಚುಚ್ಚುತ್ತದೆ. ನಾಲ್ಕನೆಯದು ಕಾಲುಗಳಿಗೆ ಕೆಲಸ ಕೊಡುತ್ತದೆ. ಉತ್ತರಗಳು ದೊಡ್ಡವಾಗಿರಬೇಕಾಗಿಲ್ಲ. ಮುನಿಸಿಕೊಂಡ ಅಣ್ಣನಿಗೆ ಒಂದು ಫೋನು, ಕೆಲಸದಾಕೆಯ ಮಗನ ಓದಿನ ವಿಚಾರಣೆ, ಕಚೇರಿಯಲ್ಲಿ ತಮ್ಮ ಮುಂದೆ ಕೈಕಟ್ಟಿ ನಿಂತ ಹಳ್ಳಿಯ ಹಿರಿಯರಿಗೆ ಒಂದು ಕುರ್ಚಿ, ಇಷ್ಟೇ ಆಗಿರಬಹುದು. ದಿನಕ್ಕೊಂದು ಹನಿ ಬಿದ್ದರೂ ವರ್ಷ ಕಳೆಯುವಷ್ಟರಲ್ಲಿ ಕೊಡ ತುಂಬುತ್ತದೆ.

ಪ್ರಿಯ ಓದುಗರೇ, ನಮ್ಮ ಆಯುಸ್ಸು ಎಷ್ಟೆಂದು ನಮಗಾರಿಗೂ ತಿಳಿಯದು. ಅದನ್ನು ಉದ್ದವಾಗಿಸುವುದು ನಮ್ಮ ಕೈಯಲ್ಲಿರುವುದು ಅಲ್ಪವೇ. ಆದರೆ ಉಳಿದ ವರ್ಷಗಳ ಮುಖವನ್ನು ತಿರುಗಿಸುವುದು ಇಪ್ಪತ್ತರಲ್ಲಿಯೂ ಸಾಧ್ಯ, ಮೂವತ್ತಮೂರರಲ್ಲಿಯೂ ಸಾಧ್ಯ, ಅರವತ್ತು ದಾಟಿದ ಮೇಲೆಯೂ ಸಾಧ್ಯ. ನಮ್ಮ ವಿದ್ಯೆ, ನಮ್ಮ ಅನುಭವ, ನಮ್ಮ ಸಮಯ ಇವುಗಳ ನೀರು ಕಾಲುವೆಯ ಕೊನೆಯ ಹೊಲದವರೆಗೂ ಹರಿಯಲಿ. ಆ ಹೊಲದಲ್ಲಿ ಪೈರು ಎದ್ದ ದಿನ, ‘ಇಷ್ಟೆಲ್ಲ ಯಾತಕ್ಕಾಗಿ?’ ಎಂಬ ಪ್ರಶ್ನೆಗೆ ಉತ್ತರವನ್ನು ಬೇರೆಲ್ಲೂ ಹುಡುಕಬೇಕಾಗುವುದಿಲ್ಲ.